ಹುಡುಕುವ ಕಣ್ಣಿನಿಂದ ಆರಂಭಿಸಿ: ಪ್ರಾಣಿಗಳ ಛದ್ಮವೇಷವನ್ನು ಮಕ್ಕಳಿಗೆ ಕಲಿಸುವ ಬಗೆ

ಎಲೆಯಂತಿರುವ ಚಿಟ್ಟೆಯ ಚಿತ್ರ ತೋರಿಸಿದರೆ ಮಕ್ಕಳು ಬೆರಗಾಗುತ್ತಾರೆ. ಆದರೆ ಆ ವೇಷ ಹೇಗೆ ಬಂತೆಂಬುದು ಅದರಿಂದ ತಿಳಿಯುವುದಿಲ್ಲ. ಹುಡುಕುವ ಕಣ್ಣಿಲ್ಲದಿದ್ದರೆ ಅಡಗುವ ಬಣ್ಣಕ್ಕೆ ಅರ್ಥವಿಲ್ಲವಾದ್ದರಿಂದ, ಮೊದಲು ಮಕ್ಕಳನ್ನೇ ಬೇಟೆಯಾಡುವ ಹಕ್ಕಿಗಳನ್ನಾಗಿ ಮಾಡಬೇಕು.

ಹಸಿರು, ಕಂದು, ಕೆಂಪು, ಹಳದಿ ಉಣ್ಣೆಯ ದಾರದಿಂದ ಬೆರಳುದ್ದದ ತುಂಡುಗಳನ್ನು ಬಣ್ಣಕ್ಕೆ 20ರಂತೆ ಕತ್ತರಿಸಿ, ಮಕ್ಕಳ ಕಣ್ಣಿಗೆ ಬೀಳದಂತೆ ಹುಲ್ಲಿನಲ್ಲಿ ಚೆಲ್ಲಿ. ಇವೇ ಹುಳುಗಳೆಂದು ಹೇಳಿ, ಒಂದು ನಿಮಿಷದೊಳಗೆ ಒಂದೊಂದಾಗಿ ಹೆಕ್ಕಿ ತರಲು ಬಿಡಿ. ಬಣ್ಣವಾರು ಎಣಿಸಿದಾಗ ಸಾಮಾನ್ಯವಾಗಿ ಕೆಂಪು, ಹಳದಿ ಹೆಚ್ಚು ಸಿಕ್ಕಿರುತ್ತವೆ, ಹಸಿರು ಹುಲ್ಲಿನಲ್ಲೇ ಉಳಿದಿರುತ್ತದೆ. ನಿಜವಾದ ಪಾಠ ಇಲ್ಲಿಂದ ಮುಂದೆ ಇದೆ. ಉಳಿದ ಪ್ರತಿ ಹುಳುವಿಗೂ ಅದೇ ಬಣ್ಣದ ಒಂದು ಮರಿ ಹುಟ್ಟಿತೆಂದು ಅಷ್ಟು ದಾರ ಸೇರಿಸಿ ಮತ್ತೆ ಆಡಿಸಿದರೆ, ಕೆಲವು ಸುತ್ತುಗಳಲ್ಲಿ ಹುಲ್ಲುಗಾವಲು ಹಸಿರು ಹುಳುಗಳದ್ದೇ ಆಗುತ್ತದೆ. ಹುಳು ಬಣ್ಣವನ್ನು ತಾನಾಗಿ ಆರಿಸಿಕೊಳ್ಳಲಿಲ್ಲ, ಹಕ್ಕಿಯ ಕಣ್ಣು ತಪ್ಪಿಸಿಕೊಂಡದ್ದು ಉಳಿಯಿತು ಎಂಬುದನ್ನು ಆಗ ಮಕ್ಕಳೇ ಹೇಳುತ್ತಾರೆ. ಅದೇ ಆಟವನ್ನು ತರಗೆಲೆಗಳ ಮೇಲೆ ಆಡಿಸಿದರೆ ಗೆಲುವು ಕಂದು ಬಣ್ಣದ್ದಾಗುತ್ತದೆ.

ದೊಡ್ಡ ಮಕ್ಕಳಿಗೆ ಇಂಗ್ಲೆಂಡಿನ ಪೆಪ್ಪರ್ಡ್ ಮಾತ್ ಪತಂಗದ ಕಥೆಯನ್ನು ಈ ಹಂತದಲ್ಲಿ ಹೇಳಬಹುದು. 1848ರಲ್ಲಿ ಮ್ಯಾಂಚೆಸ್ಟರಿನಲ್ಲಿ ಅದರ ಕಪ್ಪು ಬಗೆ ಅಪರೂಪವಾಗಿ ಕಂಡಿತ್ತು. ಕಾರ್ಖಾನೆಗಳ ಮಸಿಯಿಂದ ಮರದ ತೊಗಟೆ ಕಪ್ಪಾದಂತೆ ಆ ಶತಮಾನ ಮುಗಿಯುವ ಹೊತ್ತಿಗೆ ಅಲ್ಲಿ ಬಹುಪಾಲು ಪತಂಗಗಳು ಕಪ್ಪಗಿದ್ದವು, 1956ರ ಶುದ್ಧ ಗಾಳಿ ಕಾಯ್ದೆಯ ನಂತರ ತಿಳಿಬಣ್ಣದವು ಮತ್ತೆ ಹೆಚ್ಚಿದವು.

ಬಣ್ಣವೊಂದೇ ಸಾಲದು, ಕದಲದಿರುವುದೂ ಬೇಕು. ಹಸಿರು ತುಂಡೊಂದಕ್ಕೆ ತೆಳುವಾದ ನೂಲು ಕಟ್ಟಿ, ದೂರದಿಂದ ಮೆಲ್ಲಗೆ ಎಳೆಯಿರಿ; ಅಷ್ಟು ಹೊತ್ತು ಕಾಣದಿದ್ದ ಹುಳು ತಕ್ಷಣ ಎಲ್ಲರ ಕಣ್ಣಿಗೂ ಬೀಳುತ್ತದೆ. ಕಡ್ಡಿಹುಳು ಹಗಲೆಲ್ಲ ರೆಂಬೆಗೆ ಅಂಟಿ ಸುಮ್ಮನಿರುವುದು ಇದಕ್ಕಾಗಿಯೇ.

ಕಿತ್ತಳೆ ಬಣ್ಣದ ಹುಲಿ ಹಸಿರು ಕಾಡಿನಲ್ಲಿ ಹೇಗೆ ಅಡಗುತ್ತದೆಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಜಿಂಕೆಗಳಿಗೆ ಕಿತ್ತಳೆ ಮತ್ತು ಹಸಿರಿನ ನಡುವೆ ನಮ್ಮಷ್ಟು ವ್ಯತ್ಯಾಸ ಕಾಣುವುದಿಲ್ಲ. ಹುಲ್ಲಿನಲ್ಲಿ ನಿಂತ ಹುಲಿಯ ಫೋಟೋವನ್ನು ಮೊಬೈಲಿನಲ್ಲಿ ಕಪ್ಪು-ಬಿಳುಪಾಗಿಸಿ ತೋರಿಸಿ. ಜಿಂಕೆಯ ನೋಟ ನಿಖರವಾಗಿ ಹಾಗಿರದಿದ್ದರೂ, ಪಟ್ಟೆಗಳು ಹುಲ್ಲಿನ ನೆರಳುಗಳೊಂದಿಗೆ ಬೆರೆತು ಹುಲಿಯ ಅಂಚು ಒಡೆದುಹೋಗುವುದು ಮಕ್ಕಳಿಗೆ ಸ್ಪಷ್ಟವಾಗುತ್ತದೆ.

ಗೋಸುಂಬೆಯ ವಿಷಯದಲ್ಲಿ ಮಾತ್ರ ಎಚ್ಚರವಿರಲಿ. ಯಾವ ಬಣ್ಣದ ಬಟ್ಟೆಯ ಮೇಲಿಟ್ಟರೂ ಅದೇ ಬಣ್ಣ ತಾಳುತ್ತದೆಂಬ ನಂಬಿಕೆ ತಪ್ಪು. ಅದು ಬಣ್ಣ ಬದಲಿಸುವುದು ಬಹುಮಟ್ಟಿಗೆ ಎದುರಾಳಿಗೆ, ಸಂಗಾತಿಗೆ ಸಂಕೇತ ಕೊಡಲು ಮತ್ತು ಮೈಯ ಶಾಖವನ್ನು ಹೊಂದಿಸಿಕೊಳ್ಳಲು.