ಮೇಷ್ಟ್ರ ಸುಸ್ತು ಇಳಿಯಬೇಕಾದರೆ ಮೊದಲು ಏನು ಬಿಡಬೇಕು?

ದಸರಾ ರಜೆ ಮುಗಿಸಿ ಬಂದ ಮೇಲೂ ಸುಸ್ತು ಹಾಗೇ ಇದೆಯಾ? ಇಷ್ಟದ ಪಾಠವೂ ‘ಹೇಗೋ ಮುಗಿದರೆ ಸಾಕು’ ಅನ್ನಿಸುತ್ತಿದೆಯಾ? ಶಕ್ತಿ ಬತ್ತುವುದು, ಕೆಲಸ ಕಂಡರೆ ಬೇಸರ, ಏನು ಮಾಡಿದರೂ ಅಷ್ಟೇ ಎಂಬ ಭಾವ: ‘ಬರ್ನ್‌ಔಟ್’ಗೆ, ಅಂದರೆ ಕೆಲಸದ ಒತ್ತಡ ತರುವ ಬಳಲಿಕೆಗೆ, ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಗುರುತಿಸಿದ ಲಕ್ಷಣಗಳು ಇವೇ. ಅದು ಇದನ್ನು ಕಾಯಿಲೆ ಎನ್ನಲಿಲ್ಲ, ಕೆಲಸದಿಂದ ಬರುವ ಸ್ಥಿತಿ ಎಂದಿತು. ಹಾಗಾಗಿ ಕೆಲಸದಿಂದಲೇ ಶುರು ಮಾಡೋಣ. ಯೋಗ, ಧ್ಯಾನ ಒಳ್ಳೆಯದೇ. ಆದರೆ ತುಂಬಿ ತುಳುಕುವ ದಿನಕ್ಕೆ ಅದನ್ನೂ ತುರುಕಿದರೆ ಇನ್ನೊಂದು ಡ್ಯೂಟಿ ಆಗುತ್ತದೆ, ಅಷ್ಟೇ.

ಮೊದಲು ಒಂದು ವಾರ, ಪಾಠ ಬಿಟ್ಟು ಮಾಡಿದ್ದನ್ನೆಲ್ಲ ಬರೆದಿಡಿ. ಬಿಸಿಯೂಟದ ಲೆಕ್ಕ, ಎಸ್‌ಎಟಿಎಸ್ (ಮಕ್ಕಳ ವಿವರ ತುಂಬುವ ಆನ್‌ಲೈನ್ ವ್ಯವಸ್ಥೆ) ಎಂಟ್ರಿ, ಸಮೀಕ್ಷೆ, ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಕೆಲಸ, ಎಲ್ಲವೂ ಇರಲಿ. ಎಷ್ಟು ಹೊತ್ತು ಹಿಡಿಯಿತು ಎಂಬುದನ್ನೂ ಪಕ್ಕದಲ್ಲಿ ಹಾಕಿ. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಶಿಕ್ಷಕರನ್ನು ಶಿಕ್ಷಣೇತರ ಕೆಲಸಕ್ಕೆ ಕಳಿಸಬಹುದಾದದ್ದು ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆಗೆ ಮಾತ್ರ. ಕಾಗದದ ಮೇಲೆ!

ಆ ಪಟ್ಟಿ ಹಿಡಿದು ಮುಖ್ಯಗುರುಗಳ ಹತ್ತಿರ ಹೋಗಿ. ‘ಕೆಲಸ ಜಾಸ್ತಿ ಆಯ್ತು ಸರ್’ ಅಂದರೆ ‘ಯಾರಿಗಿಲ್ಲ?’ ಎಂಬ ಉತ್ತರ ಬರುತ್ತದೆ. ‘ಸರ್, ಈ ವಾರ ನಾಲ್ಕು ಪೀರಿಯಡ್ ಎಂಟ್ರಿಗೇ ಹೋಯ್ತು, ಸರದಿ ಮೇಲೆ ಮಾಡೋಣವಾ?’ ಅಂದರೆ ಮಾತು ಮುಂದುವರಿಯುತ್ತದೆ. ಏಕೋಪಾಧ್ಯಾಯ ಶಾಲೆಯಲ್ಲಿ ಹಂಚಿಕೊಳ್ಳಲು ಯಾರೂ ಇಲ್ಲ, ನಿಜ. ಅಲ್ಲಿ ಪಟ್ಟಿಯನ್ನು ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಕೈಗೆ ಕೊಡಿ.

ಆಮೇಲೆ ಒಂದು ಮಾಹಿತಿ ಪುಸ್ತಕ ಮಾಡಿಕೊಳ್ಳಿ. ಯು-ಡೈಸ್ ಕೋಡ್ (ಶಾಲೆಯ ಗುರುತಿನ ಸಂಖ್ಯೆ), ತರಗತಿವಾರು ಗಂಡು-ಹೆಣ್ಣು ಸಂಖ್ಯೆ, ಶೌಚಾಲಯ, ನಲ್ಲಿ, ಕೊಠಡಿಗಳ ಲೆಕ್ಕ ಒಂದೇ ಕಡೆ ಇರಲಿ. ‘ತುರ್ತು, ಇಂದೇ ಕಳಿಸಿ’ ಎಂದು ಬರುವ ನಮೂನೆಗಳಲ್ಲಿ ಕೇಳುವುದು ಬಹುಪಾಲು ಇದನ್ನೇ, ಅಲ್ವಾ? ಪುಟದ ಫೋಟೊ ಮೊಬೈಲ್‌ನಲ್ಲಿದ್ದರೆ ಪ್ರತಿ ಸಲ ಹಾಜರಿ ಪುಸ್ತಕ ತಿರುವಿಹಾಕುವುದು ತಪ್ಪುತ್ತದೆ.

ತಿದ್ದುವ ನೋಟ್‌ಬುಕ್ ಮನೆಗೆ ಹೊರಬೇಡಿ. ಒಂದು ವಾರ ಒತ್ತಕ್ಷರ ಮಾತ್ರ ನೋಡಿ, ಮುಂದಿನ ವಾರ ವಾಕ್ಯ. ಉಕ್ತಲೇಖನ, ಮಗ್ಗಿಯನ್ನು ಮಕ್ಕಳೇ ಅದಲುಬದಲು ಮಾಡಿಕೊಂಡು ತಿದ್ದಲಿ.

ರಾತ್ರಿ ವಾಟ್ಸ್ಆ್ಯಪ್ ಗ್ರೂಪ್ ಮ್ಯೂಟ್ ಮಾಡಿ. ನಿಜವಾಗಿ ಅವಸರವಿದ್ದರೆ ಫೋನ್ ಮಾಡಿ ಎಂದು ಮೊದಲೇ ಹೇಳಿಬಿಡಿ.

ಇಷ್ಟಾದರೂ ನಿದ್ದೆ ಬಾರದಿದ್ದರೆ, ಬದುಕೇ ಬೇಡ ಅನ್ನಿಸಿದರೆ ಕಾಯಬೇಡಿ. ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ವೈದ್ಯರು ವಿಶ್ರಾಂತಿ ಬೇಕೆಂದರೆ ಪ್ರಮಾಣಪತ್ರ ಪಡೆದು ರಜೆ ಹಾಕಿ. ಪರೀಕ್ಷೆ ಮುಗಿಯಲಿ ಎಂದು ಮುಂದೂಡಬೇಡಿ.