ಹಳೇ ರೇಂಜರ್‌ಗೆ ಶಾಕ್ ಫೋರ್ಕ್ ಕೂರಿಸಿದೆ

ಮೋಟರ್ ಹಾಕಿದ ಹಳೇ ರೇಂಜರ್ ಸೈಕಲ್‌ಗೆ ಶಾಕ್ ಫೋರ್ಕ್, ಅಂದರೆ ಮುಂದಿನ ಚಕ್ರ ಹಿಡಿಯುವ ಸ್ಪ್ರಿಂಗ್ ಇರುವ ಕವಲು, ಕೂರಲ್ಲ ಅಂತ ತುಮಕೂರಲ್ಲಿ ನನಗೆ ಹೇಳದವರೇ ಇಲ್ಲ. ಕೂತರೂ ಹ್ಯಾಂಡಲ್ ಮೇಲೆದ್ದು ಗಾಡಿ ಹಿಡಿತಕ್ಕೆ ಸಿಗಲ್ಲ ಅಂದರು. ಈಗ ಒಂದು ಬೇಸಿಗೆ, ಒಂದು ಮಳೆಗಾಲ ಪೂರ್ತಿ ಓಡಿಸಿದ್ದೇನೆ. ಕ್ಯಾತ್ಸಂದ್ರದಿಂದ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿರುವ ಲೇತ್ ಶೆಡ್‌ಗೆ ದಿನಾ ಅದರಲ್ಲೇ ಹೋಗಿ ಬರುತ್ತೇನೆ. ಹೆಡ್‌ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಸಡಿಲ ಆಗಿಲ್ಲ, ಫೋರ್ಕ್‌ನಲ್ಲಿ ಆಟ ಬಂದಿಲ್ಲ.

ಗಾಡಿ ಏನು ಅಂದರೆ, ಕಬ್ಬಿಣದ ಫ್ರೇಮ್, 26 ಇಂಚಿನ ಚಕ್ರ, ನಟ್ ಕೂರುವ ತಿರುಪಿನ ಎಳೆ ಇರುವ 1 ಇಂಚಿನ ಸ್ಟಿಯರರ್, ಅಂದರೆ ಫ್ರೇಮ್ ಒಳಗೆ ಹೋಗುವ ಫೋರ್ಕ್‌ನ ಮೇಲಿನ ಪೈಪ್. ಮೋಟರ್ 36 ವೋಲ್ಟ್, 250 ವ್ಯಾಟ್. ಅಷ್ಟರೊಳಗೆ, ಗಂಟೆಗೆ 25 ಕಿ.ಮೀ. ಒಳಗೆ ಇದ್ದರೆ ನೋಂದಣಿ ಬೇಕಿಲ್ಲ, ಅದಕ್ಕೇ ಅಲ್ಲಿಗೆ ನಿಲ್ಲಿಸಿದೆ. ಬ್ಯಾಟರಿ ಫ್ರೇಮಿನ ನಡುವೆ ಇದೆ.

ಇಷ್ಟಕ್ಕೆ ಶಾಕ್ ಯಾಕೆ ಅಂತ ಕೇಳುವವರು ಮೋಟರ್ ಹಾಕಿ ಓಡಿಸಿಲ್ಲ. ಬರೀ ತುಳಿಯುವಾಗ ಗುಂಡಿ ಕಂಡರೆ ಕಾಲು ತಾನಾಗೇ ನಿಧಾನ ಆಗುತ್ತೆ. ಮೋಟರ್ ಇದ್ದರೆ ಅದೇ ವೇಗದಲ್ಲೇ ಗುಂಡಿಗೆ ಇಳಿಯುತ್ತೀರಿ. ಸಂಜೆ ಕತ್ತಲಲ್ಲಿ ಸರ್ವೀಸ್ ರಸ್ತೆಯ ಹಂಪ್ ಕಾಣಲ್ಲ. ನನ್ನ ಮಣಿಕಟ್ಟು ಊದಿಕೊಂಡು ಮೈಕ್ರೋಮೀಟರ್ ಹಿಡಿಯೋದಕ್ಕೂ ಕಷ್ಟ ಆದ ಮೇಲೆ ಈ ಕೆಲಸಕ್ಕೆ ಕೈ ಹಾಕಿದೆ.

ಮೊದಲು ನನ್ನ ಮೋಟರ್ ಮುಂದಿನ ಚಕ್ರದಲ್ಲಿತ್ತು. ಕಿಟ್ ಮಾರುವವರು ಅದನ್ನೇ ಕೊಡುತ್ತಾರೆ, ಹಾಕೋದು ಸುಲಭ. ಶಾಕ್ ಇಲ್ಲದ ಕಬ್ಬಿಣದ ಗಟ್ಟಿ ಫೋರ್ಕ್‌ಗೆ ಪರವಾಗಿಲ್ಲ. ಶಾಕ್ ಫೋರ್ಕ್‌ಗೆ ಮಾತ್ರ ಹಾಕಲೇಬೇಡಿ. ಇದನ್ನು ಬಾಯಿಮಾತಿಗೆ ಹೇಳುತ್ತಿಲ್ಲ. ಗುಜರಿಯಿಂದ ಒಂದು ಅಲಾಯ್ ಕಾಲಿನ ಫೋರ್ಕ್ ತಂದೆ. ಮೋಟರ್ ಆಕ್ಸಲ್‌ನ ಚಪ್ಪಟೆ ಭಾಗದ ಅಳತೆಗೇ, ಅಂದರೆ 10 ಮಿ.ಮೀ.ಗೆ, ಒಂದು ತುಂಡು ಮಿಲ್ ಮಾಡಿ ಡ್ರಾಪೌಟ್‌ಗೆ, ಅಂದರೆ ಆಕ್ಸಲ್ ಕೂರುವ ಬಾಯಿಗೆ, ಸಿಕ್ಕಿಸಿದೆ. ವೈಸ್‌ಗೆ ಕಚ್ಚಿಸಿ ಟಾರ್ಕ್ ವ್ರೆಂಚ್‌ನಲ್ಲಿ ತಿರುಗಿಸಿದೆ. 45 ನ್ಯೂಟನ್ ಮೀಟರ್ ಹತ್ತಿರ ಬಾಯಿ ಅಗಲ ಆಯಿತು. ಇನ್ನೊಂದು ಚೂರು ತಿರುಗಿಸಿದ್ದಕ್ಕೆ ಟಿಕ್ ಅಂತ ಸೀಳಿತು. ಅಲಾಯ್ ಹೆಚ್ಚು ಬಾಗಲ್ಲ, ಒಡೆಯುತ್ತೆ. ಮೋಟರ್ ಆಕ್ಸಲ್ ತಿರುಗದಂತೆ ಹಿಡಿಯುವ ಪಟ್ಟಿ, ಟಾರ್ಕ್ ಆರ್ಮ್, ಹಾಕಬಹುದು ಅನ್ನುತ್ತೀರಿ, ಆದರೆ ಜಾರುವ ಕಾಲಿಗೆ ಅದನ್ನು ಗಟ್ಟಿಯಾಗಿ ಎಲ್ಲಿ ಕಟ್ಟುತ್ತೀರಿ? ಅದಕ್ಕೇ ಮೋಟರ್ ಹಿಂದಿನ ಚಕ್ರಕ್ಕೆ ಹೋಯಿತು. ಅದು ಕೂರೋದಕ್ಕೆ ಹಿಂದಿನ ಡ್ರಾಪೌಟ್‌ಗಳ ನಡುವಿನ ಅಗಲ 135 ಮಿ.ಮೀ.ಗೆ ಹಿಗ್ಗಿಸಿದೆ.

ಇನ್ನು ಫೋರ್ಕ್ ಹುಡುಕಾಟ. ದುಡ್ಡು ಸುರಿದದ್ದು ಇಲ್ಲೇ.

ಬೆಂಗಳೂರಿನ ಒಂದು ಅಂಗಡಿಯಲ್ಲಿ 100 ಮಿ.ಮೀ. ಟ್ರಾವೆಲ್‌ನ (ಅಷ್ಟು ಕೆಳಗೆ ಕುಗ್ಗುವ) ಫೋರ್ಕ್ ಕೊಂಡೆ, ಸುಮಾರು 2,800 ರೂಪಾಯಿ. ಯಾವ ಸೈಕಲ್‌ಗಾದರೂ ಆಗುತ್ತೆ ಅಂತ ಹೇಳಿ ಕಟ್ಟಿಕೊಟ್ಟರು. ಸ್ಟಿಯರರ್ 28.6 ಮಿ.ಮೀ. ನಮ್ಮದು 25.4. ಹೆಡ್ ಟ್ಯೂಬ್ (ಫ್ರೇಮಿನ ಮುಂದಿನ ಗಿಡ್ಡ ಪೈಪ್) ತುದಿಯ ಹೆಡ್‌ಸೆಟ್ ಬಟ್ಟಲಿನೊಳಗೆ ಹೋಗಲ್ಲ. ವಾಪಸ್ ತಗೊಳ್ಳಲಿಲ್ಲ. ಹೋಗಿದ್ದರೂ ಉಪಯೋಗ ಇರಲಿಲ್ಲ, ಅದರ ಉದ್ದ ನಮ್ಮ ಫ್ರೇಮ್‌ಗೆ ಜಾಸ್ತಿ. ಆಮೇಲೆ ಲುಧಿಯಾನದಿಂದ ಬರುವ 1 ಇಂಚಿನದು ಒಂದು ತರಿಸಿದೆ, 900 ಚಿಲ್ಲರೆ. ಸ್ಟಿಯರರ್ 10 ಮಿ.ಮೀ. ಗಿಡ್ಡ. ಉದ್ದ ಇದ್ದರೆ ವಾಷರ್ ಕೊಟ್ಟು ಸರಿ ಮಾಡಬಹುದು. ಗಿಡ್ಡ ಆದರೆ ಮುಗಿಯಿತು, ಲಾಕ್ ನಟ್‌ಗೆ ಎಳೆಯೇ ಸಿಗಲ್ಲ. ಹೆಡ್ ಟ್ಯೂಬ್ ಉದ್ದಕ್ಕೆ ಹೆಡ್‌ಸೆಟ್ ಎತ್ತರ ಸೇರಿಸಿ ಅಳೆದು ಬರೆದುಕೊಂಡು ಹೋಗಿ. ಇನ್ನೊಂದು, ಹ್ಯಾಂಡಲ್ ಸ್ಟೆಮ್‌ನ ಬೆಣೆ ಸ್ಟಿಯರರ್‌ನ ಎಳೆಗಿಂತ ಕೆಳಗಿನ ನುಣುಪು ಭಾಗದಲ್ಲೇ ಬಿಗಿಯಬೇಕು. ಎಳೆ ಇರುವ ಕಡೆ ಬಿಗಿದರೆ ಪೈಪ್ ಅಲ್ಲೇ ಸೀಳುತ್ತೆ. ಎಳೆ ತುಂಬಾ ಕೆಳಗಿನವರೆಗೆ ಹೊಡೆದ ಫೋರ್ಕ್ ಅಗ್ಗಕ್ಕೆ ಸಿಕ್ಕರೂ ಬೇಡ.

ನಡುವೆ ಒಬ್ಬರು ಟಿವಿಎಸ್ ಎಕ್ಸ್‌ಎಲ್ ಫೋರ್ಕ್ ಹಾಕು, ಜನ್ಮದಲ್ಲಿ ಕೆಡಲ್ಲ ಅಂದರು. ಹಳೇದೊಂದು ತಂದು ಫ್ರೇಮ್ ಪಕ್ಕ ಇಟ್ಟು ನೋಡಿದೆ. ಅದು 16 ಇಂಚಿನ ಚಕ್ರಕ್ಕೆ ಮಾಡಿದ್ದು. ಹ್ಯಾಂಡಲ್, ಬೇರಿಂಗ್, ಬ್ರೇಕ್ ಎಲ್ಲಾ ಬದಲಾಗಬೇಕು. ಅದರ ಭಾರಕ್ಕೆ 250 ವ್ಯಾಟ್ ಏದುಸಿರು ಬಿಡುತ್ತೆ. ಬಿಟ್ಟೆ.

ಕೊನೆಗೆ ಕೆಲಸ ಕೊಟ್ಟಿದ್ದು ಗುಜರಿಯ ಫೋರ್ಕ್. ಯಾವುದೋ ಹುಡುಗರ ಸೈಕಲ್‌ದು. 1 ಇಂಚು, ಎಳೆ ಇದೆ, ಕಾಲು ಪೂರ್ತಿ ಕಬ್ಬಿಣ, ಟ್ರಾವೆಲ್ ಬರೀ 50 ಮಿ.ಮೀ. 350 ರೂಪಾಯಿ. ಶೆಡ್‌ನಲ್ಲಿ ಎಲ್ಲರೂ ಮುಖ ಸಿಂಡರಿಸಿದರು. ನನಗೆ ಬೇಕಿದ್ದದ್ದು ಅದೇ. ಲೆಕ್ಕ ನೋಡಿ: ಹಳೇ ಗಟ್ಟಿ ಫೋರ್ಕ್ ಆಕ್ಸಲ್‌ನಿಂದ ಕ್ರೌನ್‌ವರೆಗೆ, ಅಂದರೆ ಎರಡು ಕಾಲು ಮೇಲೆ ಸೇರುವ ಜಾಗದವರೆಗೆ, ಸುಮಾರು 390 ಮಿ.ಮೀ. ಇದು 430 ಆಸುಪಾಸು. ನಾನು ಕೂತರೆ ಒಂದು 15 ಮಿ.ಮೀ. ಇಳಿಯುತ್ತೆ. ಉಳಿದದ್ದು 25. ಮುಂದುಗಡೆ 20 ಮಿ.ಮೀ. ಎದ್ದರೆ ಹೆಡ್ ಕೋನ (ಹೆಡ್ ಟ್ಯೂಬಿನ ವಾಲು) ಹೆಚ್ಚುಕಡಿಮೆ 1 ಡಿಗ್ರಿ ಹಿಂದಕ್ಕೆ ಮಲಗುತ್ತೆ. ಅಂದರೆ ನನ್ನದು ಒಂದು ಡಿಗ್ರಿ ಚಿಲ್ಲರೆ. ಆ 100 ಮಿ.ಮೀ.ದು ಹಾಕಿದ್ದರೆ 3, 4 ಡಿಗ್ರಿ ಮಲಗುತ್ತಿತ್ತು. ಹ್ಯಾಂಡಲ್ ಮೇಲೇಳುತ್ತೆ ಅಂದವರು ಯಾರೂ ಈ ಅಳತೆ ಹಿಡಿದು ನೋಡಿರಲಿಲ್ಲ.

ಹೆಡ್‌ಸೆಟ್ ಹೊಸದು ಹಾಕಿದೆ, 200ರ ಒಳಗೆ. ಇಲ್ಲೊಂದು ತೊಡಕು. ಫೋರ್ಕ್‌ನಲ್ಲಿ ಕ್ರೌನ್ ರೇಸ್ (ಹೆಡ್‌ಸೆಟ್‌ನ ಕೆಳಗಿನ ಬಳೆ) ಕೂರುವ ಜಾಗ 27 ಮಿ.ಮೀ. ಹೊಸ ರೇಸ್‌ನ ರಂಧ್ರ 26.4. ಪೈಪ್ ಇಟ್ಟು ಸುತ್ತಿಗೆಯಲ್ಲಿ ಕೂರಿಸು ಅಂತಾರೆ. ಹಾಗೆ ಮಾಡಿದರೆ ರೇಸ್ ಬಿರುಕು ಬಿಡುತ್ತೆ. ಲೇತ್‌ಗೆ ಕಟ್ಟಿ ಜಾಗವನ್ನೇ 26.5ಕ್ಕೆ ಇಳಿಸಿದೆ. ಕಾಲುಗಳು ಸುತ್ತುವಾಗ ತೂಕ ಒಂದೇ ಕಡೆ ಎಳೆಯುತ್ತೆ, ಕಡಿಮೆ ವೇಗದಲ್ಲಿ ತಿರುಗಿಸಿ. ಆಮೇಲೆ ರೇಸ್ ಎರಡೇ ಏಟಿಗೆ ಕೂತಿತು.

ಫೋರ್ಕ್ ಒಳಗಿನ ಪ್ಲಾಸ್ಟಿಕ್ ಬುಶ್ ಸವೆದು ಲೊಟಗುಟ್ಟುತ್ತಿತ್ತು. ನೈಲಾನ್ ರಾಡ್‌ನಲ್ಲಿ ಹೊಸದು ತಿರುಗಿಸಿ ಹಾಕಿದೆ. ಚೆನ್ನಾಗಿತ್ತು, ಮಳೆ ಬರುವ ತನಕ. ನೈಲಾನ್ ನೀರು ಕುಡಿದು ಊದುತ್ತೆ. ಕಾಲು ಕೆಳಗಿಳಿದಿದ್ದು ಮೇಲೆ ಬರಲೇ ಇಲ್ಲ. ಡೆಲ್ರಿನ್ ಅನ್ನೋ ಬೇರೆ ಪ್ಲಾಸ್ಟಿಕ್‌ಗೆ ಹೋದೆ, ಅದು ನೀರು ಹೀರೋದು ತುಂಬಾ ಕಡಿಮೆ. ತುಂಡು ರಾಡ್‌ಗೆ 150 ಕೊಟ್ಟ ನೆನಪು. ಸಂದು ಹೆಚ್ಚುಕಡಿಮೆ 0.1 ಮಿ.ಮೀ. ಬಿಟ್ಟಿದ್ದೇನೆ. ಎಷ್ಟು ಉದ್ದದ ಬುಶ್, ಯಾವ ಗ್ರೀಸ್ ಅನ್ನೋದು ನನ್ನಲ್ಲೇ ಇರಲಿ, ಅದಕ್ಕೆ ಎಷ್ಟೋ ಭಾನುವಾರ ಕೊಟ್ಟಿದ್ದೇನೆ.

ಹಳೇ ಸ್ಪ್ರಿಂಗ್ ಹುಡುಗರ ತೂಕಕ್ಕೆ ಇದ್ದದ್ದು. ನನ್ನ 74 ಕೆ.ಜಿ.ಗೆ ತಳ ಬಡಿಯುತ್ತಿತ್ತು. ಒಳಗೆ ರಬ್ಬರ್ ತುಂಡು ತುಂಬಿ ನೋಡಿದೆ, ಬೇಸಿಗೆಯಲ್ಲಿ ಮೆತ್ತಗಾಗಿ ಕುಸಿಯಿತು. ಈಗಿರೋದು ಬೇರೆ ಯಂತ್ರದ ಸ್ಪ್ರಿಂಗ್. ಯಾವುದರದು ಅಂತ ಹೇಳಲ್ಲ. ನೀವು ಹುಡುಕುವಾಗ ಅಳೆಯೋದು ಹೀಗೆ: ಕಾಲಿಗೆ ಒಂದು ಕೇಬಲ್ ಟೈ ಕಟ್ಟಿ, ಬ್ರೇಕ್ ಹಿಡಿಯದೆ ನಿಧಾನ ಕೂತು ಇಳಿಯಿರಿ. ಟೈ 12ರಿಂದ 15 ಮಿ.ಮೀ. ಜರುಗಿದ್ದರೆ ಸರಿ. 20 ದಾಟಿದರೆ ಸ್ಪ್ರಿಂಗ್ ಮೆತ್ತಗೆ, 8ರ ಒಳಗಿದ್ದರೆ ಶಾಕ್ ಇದ್ದೂ ಇಲ್ಲದ ಹಾಗೆ.

ಬ್ರೇಕ್ ವಿಷಯ ಬೇಗ ಮುಗಿಸುತ್ತೇನೆ. ಕಾಲಲ್ಲಿ ವಿ-ಬ್ರೇಕ್ ಬಾಸ್, ಅಂದರೆ ಬ್ರೇಕ್ ತೋಳು ಕೂರುವ ಗೂಟ, ಇದ್ದದ್ದರಿಂದಲೂ ಈ ಫೋರ್ಕ್ ಆರಿಸಿದ್ದು. ಸ್ಟೀಲ್ ರಿಮ್ ತೆಗೆದು ಅಲಾಯ್ ಹಾಕಿ. ಸ್ಟೀಲ್ ರಿಮ್ ಒದ್ದೆಯಾದರೆ ಬ್ರೇಕ್ ಹಿಡಿಯೋದೇ ಇಲ್ಲ. ಬ್ರೇಕ್ ಹಿಡಿದ ಕೂಡಲೇ ಮೋಟರ್ ಕಟ್ ಆಗುವ ಲಿವರ್ ಅಂತೂ ಬೇಕೇ ಬೇಕು. ದೇವರಾಯನದುರ್ಗದಿಂದ ಇಳಿಯುವಾಗ ಮುಂದಿನ ಬ್ರೇಕ್ ಒತ್ತಿ ಒತ್ತಿ ನೋಡಿದೆ. ಮೂತಿ ತಗ್ಗುತ್ತೆ, ಆದರೆ 50 ಮಿ.ಮೀ. ಅಷ್ಟೇ ಆದ್ದರಿಂದ ಹೆದರಿಕೆ ಇಲ್ಲ.

ಖರ್ಚು ಹೇಳಿಬಿಡುತ್ತೇನೆ. ವ್ಯರ್ಥ ಆಗಿದ್ದು 4,000 ಹತ್ತಿರ. ಗಾಡಿ ಮೇಲೆ ಈಗ ಇರೋದಕ್ಕೆ ಫೋರ್ಕ್, ಹೆಡ್‌ಸೆಟ್, ಬುಶ್, ಬ್ರೇಕ್, ರಿಮ್ ಎಲ್ಲಾ ಸೇರಿ 2,000 ದಾಟಿಲ್ಲ. ಲೇತ್ ಕೂಲಿ ನನ್ನದೇ, ಸೇರಿಸಿಲ್ಲ. ಹೊರಗೆ ಮಾಡಿಸಿದರೆ 300, 400 ಕೇಳಬಹುದು. ಮೊದಲು ಬೇಡ ಅಂದವರಲ್ಲೇ ಇಬ್ಬರು ಈಗ ತಮ್ಮ ಫೋರ್ಕ್ ತಂದು ಶೆಡ್‌ನಲ್ಲಿ ಇಟ್ಟು ಹೋಗಿದ್ದಾರೆ. ಒಂದರ ಸ್ಟಿಯರರ್ 28.6 ಇದೆ. ಅದನ್ನು ವಾಪಸ್ ಕಳಿಸಬೇಕು.