ವಾಪಸ್ ಬಾರದ ಬೆರಳುಗಳನ್ನು ಅಳೆದದ್ದು

ಜೋನ್ 2 (ಅಂಗೈಯ ಮೇಲ್ತುದಿಯಿಂದ ಬೆರಳಿನ ನಡುಭಾಗದವರೆಗೆ) ಫ್ಲೆಕ್ಸರ್ ಟೆಂಡನ್, ಅಂದರೆ ಬೆರಳು ಮಡಚುವ ಸ್ನಾಯುರಜ್ಜು, ಅದರ ರಿಪೇರಿಯ ಅಧ್ಯಯನಕ್ಕೆ ಮೊದಲ ಸಲ ಸೇರಿಸಿಕೊಂಡದ್ದು 40 ಚಿಲ್ಲರೆ ರೋಗಿಗಳನ್ನು. ಆರನೇ ತಿಂಗಳ ಅಳತೆಗೆ ಬಂದವರು 15-16 ಜನ. ಬೆರಳು ಚೆನ್ನಾಗಿ ಮಡಚುವವರೆಲ್ಲ ಕೆಲಸಕ್ಕೆ ಹೋಗಿಬಿಟ್ಟಿದ್ದರು. ಬಂದವರಲ್ಲಿ ಬೆರಳು ಸೆಟೆದುಕೊಂಡವರೇ ಜಾಸ್ತಿ. ಹೀಗಾದರೆ ನಮ್ಮ ಕೆಲಸ ಇರುವುದಕ್ಕಿಂತ ಕೆಟ್ಟದಾಗಿ ಕಾಣುತ್ತದೆ, ಅಲ್ವಾ?

ಸರಿ, ಬಾರದವರ ಮಾಹಿತಿಯೂ ಸಿಗಲಿ ಅಂತ ಒಂದು ಆ್ಯಪ್ ಮಾಡಿಸಿದೆವು. ಅನುದಾನದ ಮೂರನೇ ಒಂದು ಪಾಲು ಅದಕ್ಕೇ ಹೋಯಿತು. ಪಾಸ್‌ವರ್ಡ್ ನೆನಪಿಟ್ಟುಕೊಂಡವರು ಮೂವರು, ಅದರಲ್ಲಿ ಒಬ್ಬರು ನಮ್ಮ ಫಿಸಿಯೋಥೆರಪಿಸ್ಟ್! ಆಮೇಲೆ ತೋಳು, ಭುಜ, ಕೈಯ ತೊಂದರೆ ಎಷ್ಟು ಅಂತ ರೋಗಿಯನ್ನೇ ಕೇಳುವ 30 ಪ್ರಶ್ನೆಗಳ ಡ್ಯಾಶ್ ಫಾರ್ಮ್ ಅಂಚೆಗೆ ಹಾಕಿದೆವು. ಅರ್ಧಂಬರ್ಧ ತುಂಬಿ ಬಂತು. 11 ಪ್ರಶ್ನೆಗಳ ಕ್ವಿಕ್‌ಡ್ಯಾಶ್ ಪರವಾಗಿಲ್ಲ. ಆದರೆ ಅದು ಇಡೀ ತೋಳಿನ ಕಥೆ ಹೇಳುತ್ತದೆ, ಡಿಐಪಿ ಕೀಲು (ಬೆರಳ ತುದಿಯ ಕೀಲು) ಎಷ್ಟು ಮಡಚಿತು ಅಂತ ಹೇಳುವುದಿಲ್ಲ.

ರೋಗಿಗಳೇ ಮನೆಯಿಂದ ಫೋಟೊ ಕಳಿಸಲಿ ಅಂದಾಗ ವಿಭಾಗದಲ್ಲಿ ನಕ್ಕರು. ‘ಫೋಟೊ ನೋಡಿ ಡಿಗ್ರಿ ಹೇಳ್ತೀರಾ ಸರ್?’ ನಾನೂ ಹಟಕ್ಕೆ ಬಿದ್ದೆ. ನಕ್ಕ ಮೂವರಿಗೂ ಒಂದೇ ಬೆರಳು ಕೊಟ್ಟು, ಒಬ್ಬರದು ಇನ್ನೊಬ್ಬರಿಗೆ ಕಾಣದ ಹಾಗೆ, ಕೀಲಿನ ಕೋನ ಅಳೆಯುವ ಗೋನಿಯೋಮೀಟರ್‌ನಲ್ಲಿ ಅಳೆಸಿದೆ. ಹತ್ತಿರಹತ್ತಿರ 10 ಡಿಗ್ರಿ ವ್ಯತ್ಯಾಸ! ಸ್ಟ್ರಿಕ್‌ಲ್ಯಾಂಡ್ ಲೆಕ್ಕದಲ್ಲಿ (ಬೆರಳಿನ ನಡು ಮತ್ತು ತುದಿ ಕೀಲುಗಳ ಒಟ್ಟು ಮಡಚುವಿಕೆಯನ್ನು 175 ಡಿಗ್ರಿಗೆ ಹೋಲಿಸಿ ದರ್ಜೆ ಕೊಡುವ ಪದ್ಧತಿ) 175ಕ್ಕೆ 10 ಅಂದರೆ ಸುಮಾರು 6 ಶೇಕಡಾ. ‘ಗುಡ್’ನ ಮೇಲಂಚಿನಲ್ಲಿ ಇದ್ದವನು ‘ಎಕ್ಸಲೆಂಟ್’ ಆಗಲು ಅಷ್ಟು ಸಾಕು. ನಗು ನಿಂತಿತು.

ಫೋಟೊವನ್ನು ಬೇರೆಯವರು ತೆಗೆಯಬೇಕು. ಫೋನು ಬೆರಳಿನ ಮಟ್ಟದಲ್ಲೇ, ಪಕ್ಕದಿಂದ. ಪೂರ್ತಿ ಬಿಡಿಸಿ ಒಂದು, ಪೂರ್ತಿ ಮುಷ್ಟಿ ಕಟ್ಟಿ ಒಂದು. ಕೋನ ಅಳೆಯುವವರು ಆಪರೇಷನ್ ಮಾಡಿದವರಲ್ಲ, ರೋಗಿ ಅಧ್ಯಯನದ ಯಾವ ಗುಂಪು ಅನ್ನುವುದೂ ಅವರಿಗೆ ಗೊತ್ತಿರುವುದಿಲ್ಲ. ಕ್ಲಿನಿಕ್‌ಗೆ ಬಂದವರಲ್ಲಿ ಎರಡೂ ರೀತಿ ಅಳೆದು ನೋಡಿದೆವು. ಬಹುಪಾಲು 5 ಡಿಗ್ರಿಯೊಳಗೆ ಹೊಂದಿತು. ಊತ ಇದ್ದರೆ ಡಿಐಪಿ ಕೈಕೊಡುತ್ತದೆ.

ಒಬ್ಬರ ಫೋಟೊದಲ್ಲಿ ಬೆರಳು ಅದ್ಭುತವಾಗಿ ಮಡಚಿತ್ತು. ಎಲ್ಲರಿಗೂ ತೋರಿಸಿ ಬೀಗಿದೆ. ಆಮೇಲೆ ನೋಡಿದರೆ ಗಾಯದ ಗುರುತೇ ಇಲ್ಲ, ಇನ್ನೊಂದು ಕೈ! ಅಂದಿನಿಂದ ಅಂಗೈ ಕಡೆಯದೂ ಒಂದು ಫೋಟೊ ಬೇಕೇ ಬೇಕು. ಇದನ್ನು ಸೇರಿಸಲು ಎಥಿಕ್ಸ್ ಕಮಿಟಿಗೆ ಮತ್ತೆ ಅರ್ಜಿ ಹಾಕಬೇಕಾಯಿತು. ಉಂಗುರ, ಹಚ್ಚೆ, ಕನ್ನಡಿಯಲ್ಲಿ ಮುಖ ಕಂಡರೆ ಏನು ಮಾಡುತ್ತೀರಿ ಅಂತ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಎರಡು ತಿಂಗಳು ಹೋಯಿತು.

ನಡುವೆ ಇನ್ನೊಂದು ಕಿತಾಪತಿ. ಟೂರ್ನಿಕೆಟ್ (ರಕ್ತ ತಡೆಯಲು ತೋಳಿಗೆ ಕಟ್ಟುವ ಪಟ್ಟಿ) ಇಲ್ಲದೆ, ಲಿಗ್ನೊಕೇನ್‌-ಅಡ್ರಿನಲಿನ್ (ಜಾಗ ಮರಗಟ್ಟಿಸಿ ರಕ್ತ ಕಡಿಮೆ ಸೋರುವಂತೆ ಮಾಡುವ ಚುಚ್ಚುಮದ್ದು) ಕೊಟ್ಟು, ರೋಗಿ ಎಚ್ಚರವಿದ್ದಾಗಲೇ ಹೊಲಿದು, ಟೇಬಲ್ ಮೇಲೇ ಬೆರಳು ಮಡಚಿಸಿ ನೋಡುತ್ತೇವಲ್ಲ, ಆಗಿನ ವಿಡಿಯೊ ರೋಗಿಗೇ ಕೊಟ್ಟೆವು. ಅದನ್ನು ನೋಡಿದವರು ಫೋಟೊ ಬೇಗ ಕಳಿಸಿದರು ಅನ್ನಿಸಿತು. ಹತ್ತು ಜನರ ಮೇಲೆ ಏನು ಹೇಳುವುದು, ಬಿಟ್ಟೆವು.

ಎರಡನೇ ಸಲವೂ 40ರ ಆಸುಪಾಸು ಜನ. ಆರನೇ ತಿಂಗಳಿಗೆ 34-35 ಜನರ ಅಳತೆ ಸಿಕ್ಕಿತು. ತೋರುಬೆರಳು, ಕಿರುಬೆರಳು ಸುಲಭ. ನಡುಬೆರಳು, ಉಂಗುರದ ಬೆರಳು ಮುಷ್ಟಿಯಲ್ಲಿ ಪಕ್ಕದ ಬೆರಳಿನ ಹಿಂದೆ ಅಡಗಿಕೊಳ್ಳುತ್ತವೆ. ಅದಕ್ಕೊಂದು ಉಪಾಯವಿದೆ. ನಕ್ಕ ಮೂವರಲ್ಲಿ ಒಬ್ಬರು ಮೊನ್ನೆ ಅದನ್ನೇ ಕೇಳಿಕೊಂಡು ಬಂದರು. ಪೇಪರ್ ಅಚ್ಚಾಗಲಿ ಅಂದೆ.